ತೂತಿಲ್ಲದ ಕಾರು

ಕಾಪುವಿನ ದೀಪಸ್ತಂಭದಿಂದ ಸ್ವಲ್ಪ ದಕ್ಷಿಣಕ್ಕೆ, ಕಡಲು ಜೋರು ಮಾತಾಡಿದರೆ ಟಿ.ವಿ.ಯ ಧ್ವನಿ ಏರಿಸಬೇಕಾಗುವಷ್ಟು ಹತ್ತಿರದಲ್ಲಿ ಲೀಲಾಧರ ಮೆಂಡನ್ನರ ಮನೆ. ಅರ್ಧ ಆಯುಷ್ಯ ಮಲ್ಪೆಯ ಬೋಟುಗಳಲ್ಲಿ ಇಂಜಿನ್ ನೋಡಿಕೊಂಡು, ಕೊನೆಗೆ ಬೆನ್ನು ಮುಷ್ಕರ ಹೂಡಿದ ಮೇಲೆ ದಡ ಸೇರಿದವರು. ಹಾಗೆ ದಡ ಸೇರಿದವರು ಸಾಮಾನ್ಯವಾಗಿ ಭಜನಾ ಮಂಡಳಿಯ ಅಧ್ಯಕ್ಷರಾಗುತ್ತಾರೆ, ಇಲ್ಲವೇ ಮೊಬೈಲಿನಲ್ಲಿ ಊರಿಗೆಲ್ಲ ಗುಲಾಬಿ ಹೂವಿನ ಶುಭೋದಯ ಕಳುಹಿಸುತ್ತಾರೆ. ಲೀಲಾಧರರು ಇವೆರಡನ್ನೂ ಬಿಟ್ಟು ಒಂದು ಹಳೆಯ ಫಿಯಟ್ ಕಾರು ತಂದರು.

ತಂದರು ಎನ್ನುವುದು ಸ್ವಲ್ಪ ಹೆಚ್ಚಾಯಿತು. ಕಾರು ಸ್ವಂತ ಚಕ್ರದ ಮೇಲೆ ಬಂದದ್ದಲ್ಲ, ಟೆಂಪೋದ ಬೆನ್ನೇರಿ ಬಂದದ್ದು. ಅದು ಶಿರ್ವದ ಪ್ಯಾಟ್ರಿಕ್ ಎಂಬ ಗೆಳೆಯನ ತಂದೆಯ ಕಾಲದ ಕಾರು. ಪ್ಯಾಟ್ರಿಕ್ ಗಲ್ಫಿನಲ್ಲಿ ಇದ್ದಷ್ಟು ವರ್ಷ ಅದರೊಳಗೆ ಕೋಳಿಗಳು ಸಂಸಾರ ಹೂಡಿದ್ದವು. "ತೆಗೆದುಕೊಂಡು ಹೋಗು ಲೀಲಣ್ಣ. ಆದರೆ ಆ ಕೆಂಪು ಹೇಂಟೆಗೆ ಒಂದು ಮಾತು ಹೇಳಿ ಹೋಗು, ಹಿಂದಿನ ಸೀಟು ಅದರದ್ದು" ಎಂದು ಪ್ಯಾಟ್ರಿಕ್ ಕೊಟ್ಟುಬಿಟ್ಟ. ಸೀಟಿನಲ್ಲಿ ಕೂತು ಕೆಳಗೆ ನೋಡಿದರೆ ಗರಿಕೆ ಹುಲ್ಲು ಕಾಣುತ್ತಿತ್ತು. ತುಕ್ಕು ಅಡಿಯನ್ನು ಮುಕ್ಕಾಲು ತಿಂದು, ಬಾಗಿಲುಗಳಿಗೆ ಬಾಯಿ ಹಾಕಿತ್ತು.

ಕಾಪು ಪೇಟೆಯಲ್ಲಿ ಮೀನು ಮಾರುವ ಹೆಂಡತಿ ಸುಂದರಿ ಆ ದಿನ ಬುಟ್ಟಿ ಇಳಿಸಿ ಕಾರಿಗೆ ಒಂದು ಸುತ್ತು ಬಂದಳು. ಮೀನಿನ ಕಿವಿರು ಎತ್ತಿ ನೋಡಿ ತಾಜಾತನ ಹೇಳುವ ಹೆಂಗಸು ಅವಳು. ಕಾರಿನ ಬಾನೆಟ್ ಎತ್ತಿ ನೋಡಿ, "ಇದು ಹಿಡಿದು ನಾಲ್ಕು ದಿನ ಆಗಿದೆ" ಎಂದು ಒಳಗೆ ಹೋದಳು.

ನಮ್ಮಂಥವರಿಗೆ ಕಾರಿನ ಬಾನೆಟ್ ತೆರೆಯುವ ಗುಂಡಿ ಎಲ್ಲಿ ಉಂಟೆಂದು ಗೊತ್ತಾಗುವುದೇ ಗ್ಯಾರೇಜಿನವರು ನಕ್ಕ ಮೇಲೆ. ಲೀಲಾಧರರು ಹಾಗಲ್ಲ. ಇಂಜಿನನ್ನು ತೆಂಗಿನ ಮರದ ಅಡಿಗೆ ಇಳಿಸಿ, ಬಿಚ್ಚಿ, ಸೀಮೆ ಎಣ್ಣೆಯಲ್ಲಿ ತೊಳೆದು, ಹಪ್ಪಳದ ಹಾಗೆ ಚಾಪೆಯ ಮೇಲೆ ಹರಡಿದರು. ಬೇಕಾದ ಸಾಮಾನಿಗಾಗಿ ಮಂಗಳೂರಿನ ಗುಜರಿಯಿಂದ ಹೂಡೆಯ ಹೊಳೆಬದಿಯವರೆಗೆ ಅಲೆದರು. ಕಾರ್ಬೊರೇಟರ್ ಗುಜರಿಯಲ್ಲಿ ಸಿಕ್ಕಿತು. ಸೀಟುಗಳು ಮುರಿದು ಹಾಕಿದ ಒಂದು ಸಿಟಿ ಬಸ್ಸಿನವು. ಒಂದರ ಬೆನ್ನಿನಲ್ಲಿ "ಮಹಿಳೆಯರಿಗೆ" ಎಂದು ಬರೆದದ್ದು ಹಾಗೆಯೇ ಉಳಿಯಿತು. ಹಾರ್ನು ಒಂದು ಎಕ್ಸ್‌ಪ್ರೆಸ್ ಬಸ್ಸಿನದ್ದು. ಅದನ್ನು ಒತ್ತಿದರೆ ಅಂಗಳದ ಬೆಕ್ಕು ಹೆಂಚು ಹತ್ತುತ್ತಿತ್ತು. ಇಡೀ ಕಾರಿನಲ್ಲಿ ಲೀಲಾಧರರಿಗೆ ಅತ್ಯಂತ ಪ್ರೀತಿಯ ಭಾಗ ಅದೇ. ಡ್ಯಾಶ್‌ಬೋರ್ಡ್ ಮಾಡಿದ್ದು ಒಡೆದ ಬೋಟಿನ ಸಾಗುವಾನಿ ಹಲಗೆಯಿಂದ, ಅದರ ನಡುವೆ ಬೋಟಿನದ್ದೇ ದಿಕ್ಸೂಚಿ. ಸುತ್ತಲೂ ಕಬ್ಬಿಣ ಇದ್ದುದರಿಂದ ಅದು ಕಾರು ಎತ್ತ ತಿರುಗಿದರೂ ಇಂಜಿನ್ ಇರುವ ಕಡೆಯೇ ಉತ್ತರ ಎಂದು ತೋರಿಸುತ್ತಿತ್ತು.

ಈ ಕೆಲಸ ನಡೆಯುತ್ತಿರುವಾಗಲೇ ಮಗಳು ಹರ್ಷಿಣಿಗೆ ಕಾರ್ಕಳದ ಸಂಬಂಧ ಕೂಡಿಬಂತು. ಮಣಿಪಾಲದ ಒಂದು ಲ್ಯಾಬಿನಲ್ಲಿ ಅವಳಿಗೆ ಕೆಲಸ. ವರ್ಷಗಟ್ಟಲೆ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಬಂದವಳು. "ನಿನ್ನ ಮದುವೆಯ ದಿಬ್ಬಣ ನನ್ನ ಕಾರಿನಲ್ಲಿ, ನೀನು ಕೂತುಕೊಂಡೇ ಹೋಗುವುದು" ಎಂದು ಅಪ್ಪ ಎಲ್ಲರಿಗೂ ಹೇಳಿಕೊಂಡು ಬಂದಿದ್ದರು. ಮದುವೆಯ ದಿನ ಇಂಜಿನ್ ಇನ್ನೂ ಚಾಪೆಯ ಮೇಲಿತ್ತು. ಹರ್ಷಿಣಿ ಅಳಿಯ ರೂಪೇಶನ ಹೊಸ ಬಿಳಿ ಕಾರಿನಲ್ಲಿ ಹೋದಳು. ಹೋಗುವಾಗ ಕಿಟಕಿಯ ಹತ್ತಿರ ಬಗ್ಗಿ ಲೀಲಾಧರರು, "ಬಯಕೆ ಸೀಮಂತಕ್ಕೆ ನಾನೇ ಬಂದು ಕರಕೊಂಡು ಬರ್ತೇನೆ, ನಮ್ಮ ಕಾರಲ್ಲಿ" ಎಂದರು. ಅಲ್ಲಿದ್ದವರು ನಕ್ಕರು. ಹರ್ಷಿಣಿ ನಗಲಿಲ್ಲ. "ಬನ್ನಿ, ಕಾಯ್ತೇನೆ" ಎಂದಳು.

ಆ ಮಾತು ಲೀಲಾಧರರ ಎದೆಯಲ್ಲಿ ಗಾಳದ ಹಾಗೆ ಕೂತಿತು.

ಎರಡನೆಯ ವರ್ಷ ಬಯಕೆಯ ಸುದ್ದಿ ಬಂತು. ಏಳನೆಯ ತಿಂಗಳಿನಲ್ಲಿ ಗಂಡನ ಮನೆಯಲ್ಲಿ ಸೀಮಂತ ಮಾಡಿ, ಬಸುರಿಯ ಮಡಿಲು ತುಂಬಿ, ತವರಿನವರು ಕರೆದುಕೊಂಡು ಬರುವ ಕ್ರಮ. ಜುಲೈ ನಡುವಿನಲ್ಲಿ ಆಟಿ ತಿಂಗಳು ಹಿಡಿದರೆ ಶುಭಕಾರ್ಯವಿಲ್ಲ. ಹಾಗಾಗಿ ಅದಕ್ಕಿಂತ ಮೊದಲೇ ಮುಗಿಸಬೇಕು. ಅಂದರೆ ಮಳೆ ಮುಗಿಲು ಹರಿದುಕೊಂಡು ಸುರಿಯುವ ಕಾಲದಲ್ಲಿಯೇ.

ಲೀಲಾಧರರು ಮಳೆಗೆ ಹೆದರುವವರಲ್ಲ. ನೀರನ್ನು ಹೊರಗೆ ಇಡುವುದೇ ಅವರ ಜನ್ಮದ ವಿದ್ಯೆ. ಮಲ್ಪೆಯಲ್ಲಿ ಬೋಟು ಕಟ್ಟುವವರಿಂದ ಮಿಕ್ಕಿದ ಫೈಬರ್ ಚಾಪೆ, ಅಂಟು ತಂದು ಕಾರಿನ ಅಡಿಗೆ ಮೂರು ಪದರ ಹಾಸಿದರು. ತುಕ್ಕು ತಿಂದ ಬಾಗಿಲುಗಳ ಕೆಳಗೂ ಹಾಸಿದರು. ಹಾಸುವಾಗ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ತುಕ್ಕು ಮುಟ್ಟದ ಜಾಗದಲ್ಲೂ ಪ್ರತಿ ಬಾಗಿಲಿನ ತಳದಲ್ಲಿ ಸಣ್ಣ ಸಣ್ಣ ತೂತುಗಳು. ಕಾರಿನ ನೆಲದಲ್ಲೂ ಅಂಥವೇ ಕೆಲವು.

"ಇದು ಕಂಪೆನಿಯವರೇ ಇಟ್ಟ ಹಾಗೆ ಕಾಣ್ತದೆ" ಎಂದ ಪ್ಯಾಟ್ರಿಕ್. ಅವನು ಬಿಡುವಾದಾಗಲೆಲ್ಲ ಬಂದು, ಕಾರಿನ ಮೇಲೆ ಕೈ ಇಡದೆ ಬರೀ ಅಭಿಪ್ರಾಯ ಕೊಡುತ್ತಿದ್ದ. "ಸುಮ್ಮನೆ ಇಡ್ತಾರಾ ಮಾರಾಯ?"

"ಅಡಿಯಲ್ಲಿ ತೂತು ಇಡುವ ಕಂಪೆನಿ ಎಂತ ಕಂಪೆನಿ?" ಎಂದರು ಲೀಲಾಧರ. "ಅವರು ಕಡಲು ನೋಡಿದವರಲ್ಲ." ಒಂದೊಂದನ್ನೂ ಹುಡುಕಿ ಹುಡುಕಿ ಫೈಬರಿನಿಂದ ಮುಚ್ಚಿದರು.

ಆಮೇಲೆ ಪರೀಕ್ಷೆ. ಲೀಲಾಧರರು ಟಾರ್ಚು ಹಿಡಿದು ಕಾರಿನ ಅಡಿಯಲ್ಲಿ ಮಲಗಿದರು. ಸುಂದರಿ ಒಳಗೆ ಕೊಡಗಟ್ಟಲೆ ನೀರು ಹೊಯ್ದಳು. ಕೆಳಗೆ ಒಂದು ಹನಿಯೂ ಇಲ್ಲ.

"ನೋಡು, ನೋಡು" ಎಂದು ಅಡಿಯಿಂದ ಸಂತೋಷದ ಧ್ವನಿ ಬಂತು. "ಈ ಕಾರನ್ನು ಲಕ್ಷದ್ವೀಪಕ್ಕೆ ತೆಗೆದುಕೊಂಡು ಹೋಗಬಹುದು."

"ಲಕ್ಷದ್ವೀಪ ಇರಲಿ. ಈಗ ಈ ನೀರು ಹೊರಗೆ ಬರುವುದು ಹೇಗೆ?"

"ಮೊಗೆದು ಹಾಕುವುದು. ಬೋಟಿನಲ್ಲಿ ಎಂತ ಮಾಡ್ತಾರೆ?"

ಸುಂದರಿ ಇನ್ನೇನೋ ಹೇಳಲು ಹೊರಟವಳು ಚೆಂಬು ತೆಗೆದುಕೊಂಡು ಮೊಗೆಯತೊಡಗಿದಳು. ಗಂಡ ಅಷ್ಟು ಸಂತೋಷದಲ್ಲಿರುವುದು ಅಪರೂಪ. ಕೆಡಿಸುವುದು ಬೇಡ ಎನಿಸಿರಬೇಕು.

ಬಯಕೆಯ ಬೆಳಿಗ್ಗೆ ಫಿಯಟ್ ಒಂದೇ ಕೀಲಿಗೆ ಎದ್ದಿತು. ಮುಂದೆ ಲೀಲಾಧರ, ಪಕ್ಕದಲ್ಲಿ ಪ್ಯಾಟ್ರಿಕ್, ಹಿಂದೆ ತಿಂಡಿಯ ಡಬ್ಬಗಳ ನಡುವೆ "ಮಹಿಳೆಯರಿಗೆ" ಸೀಟಿನಲ್ಲಿ ಸುಂದರಿ. ಕಾಪು ಪೇಟೆ ದಾಟುವವರೆಗೆ ಕಾರಣವಿಲ್ಲದೆ ಹಾರ್ನು ಹೊಡೆದರು. ಶಿರ್ವದಲ್ಲಿ ನಿಂತಿದ್ದ ಬಸ್ಸೊಂದು ಆ ಹಾರ್ನು ಕೇಳಿ ತನ್ನ ಅಣ್ಣ ಬಂದನೆಂದು ಬದಿ ಬಿಟ್ಟಿತು. ಬೆಳ್ಮಣ್ಣಿನ ಹತ್ತಿರ ಮಳೆ ಹಿಡಿಯಿತು. ಅದು ಮಳೆಯ ಹಾಗೆ ಇರಲಿಲ್ಲ, ಯಾರೋ ಮೇಲಿನಿಂದ ಟ್ಯಾಂಕು ತೊಳೆಯುವ ಹಾಗಿತ್ತು.

ಮೊದಲು ಶಬ್ದ ಕೇಳಿದ್ದು ಪ್ಯಾಟ್ರಿಕ್‌ಗೆ. ಒಂದು ತಿರುವಿನಲ್ಲಿ ಅವನ ಪಕ್ಕದ ಬಾಗಿಲಿನೊಳಗೆ "ಗುಳುಂ" ಎಂದಿತು. ಮುಂದಿನ ತಿರುವಿನಲ್ಲಿ ಲೀಲಾಧರರ ಪಕ್ಕದ ಬಾಗಿಲು ಉತ್ತರ ಕೊಟ್ಟಿತು.

"ಲೀಲಣ್ಣ, ನಿನ್ನ ಕಾರು ಎಳನೀರು ಕುಡಿದಿದೆ."

"ಅದು ಪೆಟ್ರೋಲ್ ಟ್ಯಾಂಕು."

"ಬಾಗಿಲಿನಲ್ಲಿ ಪೆಟ್ರೋಲ್ ತುಂಬಿಸಿದ್ದೀಯಾ?"

ಆಗ ಹಿಂದಿನಿಂದ ಸುಂದರಿ ಶಾಂತವಾಗಿ, "ನಿಮ್ಮ ಒಂದು ಚಪ್ಪಲಿ ನನ್ನ ಹತ್ತಿರ ಬಂದಿದೆ" ಎಂದಳು.

ಚಪ್ಪಲಿ ತೇಲಿಕೊಂಡು ಬಂದಿತ್ತು. ಗಾಜಿನ ಹಳೆಯ ರಬ್ಬರಿನ ಸಂದಿಯಿಂದ ಇಳಿದ ನೀರು ಬಾಗಿಲುಗಳ ಹೊಟ್ಟೆ ತುಂಬಿ, ಅಲ್ಲಿಂದ ಉಕ್ಕಿ, ನೆಲದ ಮೇಲೆ ಪಾದ ಮುಳುಗುವಷ್ಟು ನಿಂತಿತ್ತು. ಸುಂದರಿ ಕಾಲು ಮೇಲೆ ಮಡಚಿ, ಲಾಡು ಡಬ್ಬದ ಮುಚ್ಚಳದಲ್ಲಿ ಕಿಟಕಿಯಿಂದ ನೀರು ಮೊಗೆದು ಹಾಕುತ್ತ ಕಾರ್ಕಳದವರೆಗೆ ಬಂದಳು. ದಾರಿಯಲ್ಲಿ ಛತ್ರಿ ಹಿಡಿದು ನಿಂತ ಒಬ್ಬರು ಬಹಳ ಹೊತ್ತು ತಿರುಗಿ ತಿರುಗಿ ನೋಡಿದರು.

ಆನೆಕೆರೆಯ ಬದಿಯಲ್ಲಿ ರೂಪೇಶನ ಮನೆ. ಕಾರನ್ನು ಅವನ ಅಂಗಳದ ಹೆಂಚಿನ ಮಾಡಿನ ಅಡಿಗೆ ನಿಲ್ಲಿಸಿ ಬಾಗಿಲು ತೆರೆದಾಗ ಒಂದು ಸಣ್ಣ ತೊರೆ ಇಳಿದು ರಂಗೋಲಿ ಅಳಿಸಿಕೊಂಡು ಹೋಯಿತು. ಬಾಗಿಲಿನ ಹೊಟ್ಟೆಯೊಳಗಿನ ನೀರು ಮಾತ್ರ ಹಾಗೆಯೇ ಉಳಿಯಿತು. ಬಂದ ನೆಂಟರು ಸುತ್ತ ನಿಂತರು. ಯಾರೂ ಜೋರಾಗಿ ನಗಲಿಲ್ಲ. ಬೀಗರ ಮನೆಯಲ್ಲಿ ಅಷ್ಟು ಮರ್ಯಾದೆ ಉಂಟು. ಅದರಿಂದ ಲೀಲಾಧರರಿಗೆ ಇನ್ನೂ ಕಷ್ಟವಾಯಿತು.

ಒಳಗೆ ಹರ್ಷಿಣಿ ಹಸಿರು ಸೀರೆ ಉಟ್ಟು ಕೂತಿದ್ದಳು. ಹೆಂಗಸರು ಆರತಿ ಎತ್ತಿದರು, ಬಳೆ ತೊಡಿಸಿದರು, ತಿಂಡಿಗಳನ್ನು ಸೆರಗಿಗೆ ಕಟ್ಟಿದರು. ಲೀಲಾಧರರ ಬಾಯಲ್ಲಿ ಹೋಳಿಗೆ ಇತ್ತು, ಮನಸ್ಸು ಮಾಡಿನ ಅಡಿಯಲ್ಲಿತ್ತು. ಅಲ್ಲಿಗೇ ರೂಪೇಶ ಬಂದು, ತಪ್ಪು ಮಾಡಿದವನ ಹಾಗೆ ಮೆಲ್ಲಗೆ ಹೇಳಿದ: "ಮಾವ, ಬೇಜಾರು ಮಾಡಬೇಡಿ. ಇವಳನ್ನು ನನ್ನ ಕಾರಿನಲ್ಲಿ ತಂದು ಬಿಡ್ತೇನೆ. ನೀವು ಹಿಂದಿನಿಂದ ಬನ್ನಿ. ಈ ಮಳೆಯಲ್ಲಿ, ಈ ಸ್ಥಿತಿಯಲ್ಲಿ..."

ಮಗಳ ಸ್ಥಿತಿಯೋ ಕಾರಿನ ಸ್ಥಿತಿಯೋ ಎಂದು ಅವನು ಬಿಡಿಸಿ ಹೇಳಲಿಲ್ಲ. ಅವನು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಲೀಲಾಧರರು ತಲೆ ಅಲ್ಲಾಡಿಸಿ ಹೊರಗೆ ಬಂದು, ಬಾಗಿಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ಬಾಗಿಲನ್ನು ಅತ್ತಿತ್ತ ಆಡಿಸಿದರು. ಗುಳುಂ. ಕೈ ಹಾಕಿ ತಳ ಸವರಿದರು. ತಾವೇ ಹಚ್ಚಿದ ಫೈಬರ್, ಕಲ್ಲಿನ ಹಾಗೆ ಗಟ್ಟಿ. ಅದರ ಹಿಂದೆ ಕಂಪೆನಿಯವರ ಆ ಸಣ್ಣ ತೂತುಗಳು. ಗಾಜಿನ ಮೇಲೆ ಬಿದ್ದ ನೀರು ಹೇಗೂ ಒಳಗೆ ಇಳಿಯುತ್ತದೆ. ಇಳಿದದ್ದು ಅಲ್ಲಿಂದ ಹೊರಗೆ ಹೋಗಬೇಕು. ಕಡಲು ನೋಡದವರು ಮಳೆಯನ್ನಾದರೂ ನೋಡಿದ್ದರು.

"ರೂಪೇಶ, ಒಂದು ಉಳಿ, ಸುತ್ತಿಗೆ ಉಂಟಾ?" ಎಂದು ಕೇಳಿದರು.

ಉಳಿ ಬಂತು, ಸುತ್ತಿಗೆ ಬಂತು. ಅಷ್ಟರಲ್ಲಿ ಮಡಿಲು ತುಂಬಿಸಿಕೊಂಡು ಹರ್ಷಿಣಿಯೂ ಹೊಸ್ತಿಲು ದಾಟಿ ಜಗಲಿಗೆ ಬಂದಿದ್ದಳು. ರೂಪೇಶ ತನ್ನ ಕಾರಿನ ಬಾಗಿಲು ತೆರೆದು ಹಿಡಿದ. ಅವಳು ಅಪ್ಪನನ್ನು ನೋಡಿದಳು, ಅಪ್ಪನ ಕೈಯ ಉಳಿಯನ್ನು ನೋಡಿದಳು, ಜಗಲಿಯ ಕುರ್ಚಿ ಎಳೆದು ಕೂತಳು.

"ಒಳಗೆ ಬಂದು ಕೂತುಕೊ ಮಗಾ, ಎರಚಲು ಹೊಡೀತದೆ" ಎಂದಳು ಯಾರೋ ನೆಂಟರಾಕೆ.

"ಮಡಿಲು ತುಂಬಿ ಹೊರಟವಳು ತಿರುಗಿ ಒಳಗೆ ಬರುವ ಹಾಗಿಲ್ಲ" ಎಂದಳು ರೂಪೇಶನ ದೊಡ್ಡಮ್ಮ.

"ಹಾಗಾದರೆ ಇಲ್ಲೇ ಕೂತಿರ್ತೇನೆ ದೊಡ್ಡಮ್ಮ. ಬಸ್ಸಿಗೆ ಕಾದು ಅಭ್ಯಾಸ ಉಂಟು" ಎಂದಳು ಹರ್ಷಿಣಿ. ರೂಪೇಶ ತನ್ನ ಕಾರಿನ ಬಾಗಿಲನ್ನು ಮೆಲ್ಲಗೆ ಮುಚ್ಚಿದ.

ಲೀಲಾಧರರು ಫಿಯಟ್ಟಿನ ಬಾಗಿಲಿನ ತಳಕ್ಕೆ ಉಳಿ ಇಟ್ಟು ಸುತ್ತಿಗೆ ಎತ್ತಿದರು. ಎತ್ತಿದ ಕೈ ಇಳಿಯಲಿಲ್ಲ. ಬೋಟಿನ ಅಡಿಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೆ ಊಟ ಬಿಟ್ಟು ಓಡುತ್ತಿದ್ದ ಮನುಷ್ಯ. ತಾನಾಗಿಯೇ ಉಳಿ ಹಿಡಿದು ಅಡಿಗೆ ತೂತು ಕೊರೆಯುವುದೆಂದರೆ ಕೈಗೆ ಹೇಗೆ ಒಪ್ಪಿಸುವುದು? ಇನ್ನೊಮ್ಮೆ ಎತ್ತಿದರು. ಹಾಗೆಯೇ ಇಳಿಸಿದರು.

"ಕಾರಿಗೆ ಅರಿವಳಿಕೆ ಕೊಟ್ಟಾಯ್ತಾ ಲೀಲಣ್ಣ?" ಎಂದ ಪ್ಯಾಟ್ರಿಕ್. ಸುಂದರಿ ಅವನನ್ನು ಒಂದು ನೋಟ ನೋಡಿದಳು. ಅವನು ಮಳೆ ನೋಡತೊಡಗಿದ.

ಅವಳು ಸೆರಗು ಸಿಕ್ಕಿಸಿ ಗಂಡನ ಪಕ್ಕ ಕೂತಳು. ಬೇರೆಯವರಿಗೆ ಕೇಳದ ಹಾಗೆ, "ಇದು ಬೋಟಲ್ಲ ಮಾರಾಯ್ರೆ. ಇದರ ಅಡಿಯಲ್ಲಿ ನೆಲ ಉಂಟು. ಹೊಡೀರಿ" ಎಂದಳು.

ಲೀಲಾಧರರು ಕಣ್ಣು ಮುಚ್ಚಿ ಹೊಡೆದರು.

ಫೈಬರ್ ಒಡೆಯಿತು. ಸಣ್ಣ ಧಾರೆಯೊಂದು ಚಿಮ್ಮಿ ಅವರ ಪಂಚೆಯ ಮೇಲೆ ಬಿತ್ತು. ಎರಡನೆಯ ಹೊಡೆತಕ್ಕೆ ಕಣ್ಣು ತೆರೆದಿತ್ತು. ಮೂರನೆಯ ಬಾಗಿಲಿಗೆ ಬರುವಾಗ ಕೈಗೆ ಲಯ ಬಂತು. ಆಮೇಲೆ ಅಡಿಯಲ್ಲಿ ಮಲಗಿ ನೆಲಕ್ಕೂ ಹೊಡೆದರು. ಹೊಟ್ಟೆ ಖಾಲಿಯಾದ ಫಿಯಟ್ ಕಣ್ಣಿಗೆ ಕಾಣುವ ಹಾಗೆ ಸ್ವಲ್ಪ ಮೇಲೆದ್ದಿತು. ಪ್ಯಾಟ್ರಿಕ್ ಕಾರಿನೊಳಗೆ ಬಗ್ಗಿ ನೋಡಿ, "ಕಾಣೆ ಮೀನು ಇಲ್ಲ, ಮೂರು ಲಾಡು ಉಂಟು" ಎಂದು ವರದಿ ಕೊಟ್ಟ. ಈ ಸಲ ಜಗಲಿಯಲ್ಲಿದ್ದವರೆಲ್ಲ ನಕ್ಕರು, ದೊಡ್ಡಮ್ಮನೂ. ಲೀಲಾಧರರೂ ಅಡಿಯಲ್ಲಿ ಮಲಗಿದಲ್ಲಿಯೇ ನಕ್ಕರು.

ರೂಪೇಶ ಒಳಗಿನಿಂದ ಒಣ ಚಾಪೆ ತಂದು ತಾನೇ ಕಾರಿನ ನೆಲಕ್ಕೆ ಹಾಸಿದ. "ಬ್ರೇಕು?" ಎಂದು ಕೇಳಿದ. ಮಾವ ಅವನನ್ನು ಪಕ್ಕದಲ್ಲಿ ಕೂರಿಸಿ ಆನೆಕೆರೆಗೆ ಒಂದು ಸುತ್ತು ಹೋಗಿ ಬಂದರು. ಇಳಿದ ಮೇಲೆ ರೂಪೇಶ, "ನಾನು ಹಿಂದಿನಿಂದ ಬರ್ತೇನೆ" ಎಂದನಷ್ಟೆ.

ಹರ್ಷಿಣಿ ಕುರ್ಚಿಯಿಂದ ಎದ್ದು ಬಂದು ಹಿಂದಿನ ಸೀಟಿನಲ್ಲಿ ಅಮ್ಮನ ಪಕ್ಕ ಕೂತಳು. ಸೀಟಿನ ಬೆನ್ನಿಗೆ ಒರಗುವ ಮೊದಲು ಅದರ ಮೇಲೆ ಬರೆದದ್ದನ್ನು ಓದಿದಳು. "ಅಪ್ಪ, ಕೊನೆಗೂ ನನಗೆ ಸೀಟು ಸಿಕ್ಕಿತು" ಎಂದಳು. ಲೀಲಾಧರರು ಕೀಲಿ ತಿರುಗಿಸಿದರು.

ಬರುವಾಗಲೂ ಮಳೆ ಸುರಿಯಿತು. ಗಾಜಿನಿಂದ ಒಳಗಿಳಿದ ನೀರು ಬಾಗಿಲಿನ ತಳದಿಂದ ಇಳಿದು ಹೋಯಿತು. ರಸ್ತೆಯ ಹೊಂಡದಲ್ಲಿ ಇಳಿದಾಗ ಸ್ವಲ್ಪ ಕೆಳಗಿನಿಂದಲೂ ಬಂತು, ಬಂದ ದಾರಿಯಲ್ಲಿಯೇ ಹಿಂದೆ ಹೋಯಿತು. ಕಂಪೆನಿಯವರ ತೂತಿಗಿಂತ ಲೀಲಾಧರರದ್ದು ಸ್ವಲ್ಪ ದೊಡ್ಡದು. ಬೆಳ್ಮಣ್ಣು ದಾಟುವಾಗ ಹರ್ಷಿಣಿ ಅಮ್ಮನ ಹೆಗಲಿಗೆ ತಲೆ ಇಟ್ಟು ನಿದ್ದೆ ಹೋಗಿದ್ದಳು.

ಶಿರ್ವದ ಈಚೆ ಒಂದು ಎಮ್ಮೆ ರಸ್ತೆಯ ನಡುವೆ ನಿಂತಿತ್ತು. ಮಳೆಯಲ್ಲಿ ನೆನೆಯುತ್ತ, ಎಲ್ಲಿಗೂ ಹೋಗುವ ಅವಸರವಿಲ್ಲದೆ. ಲೀಲಾಧರರ ಕೈ ಹಾರ್ನಿನ ಮೇಲೆ ಹೋಯಿತು. ಕನ್ನಡಿಯಲ್ಲಿ ಹಿಂದಿನ ಸೀಟು ನೋಡಿ ಕೈ ವಾಪಸು ಬಂತು. ಇಂಜಿನನ್ನು ಮೆಲ್ಲಗೆ ಉಸಿರಾಡಲು ಬಿಟ್ಟು ಕಾದು ಕೂತರು.

ಹಿಂದಿನಿಂದ ರೂಪೇಶ ಒಮ್ಮೆ ಹಾರ್ನು ಹೊಡೆದ. ಲೀಲಾಧರರು ಕಿಟಕಿಯಿಂದ ಮಳೆಗೆ ಕೈ ಚಾಚಿ, ಮೆಲ್ಲ, ಮೆಲ್ಲ ಎಂದು ಸನ್ನೆ ಮಾಡಿದರು. ಎಮ್ಮೆ ತನ್ನಷ್ಟಕ್ಕೆ ರಸ್ತೆ ದಾಟುವವರೆಗೆ ಆ ಕೈ ಹಾಗೆಯೇ ಹೊರಗಿತ್ತು, ನೆನೆಯುತ್ತ.