ಬೊಟ್ಟು ಅಂಟಿಸಿದ ಲೈಟು

ಆಫೀಸ್ ಫೋನ್ ರಿಪೇರಿ ನನ್ನ ಕೆಲಸ. ಕಾಮಾಕ್ಷಿಪಾಳ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಹಾಜರಿ ನೋಡಿಕೊಳ್ಳುವ ಮೇಡಂ ತಮ್ಮ ಮೇಜಿನ ಫೋನು ತೋರಿಸಿದರು. ಅದರ ಕೆಂಪು ಲೈಟಿನ ಮೇಲೆ ಸ್ಟಿಕ್ಕರ್ ಬೊಟ್ಟು ಅಂಟಿಸಿದ್ದರು.

"ಸದಾ ಮಿಣಮಿಣ ಅಂತಿರುತ್ತೆ, ತಲೆನೋವು. ಆಫ್ ಮಾಡಿಕೊಡಿ."

"ಲೈಟ್ ಕೆಟ್ಟಿಲ್ಲ ಮೇಡಂ. ಯಾರೋ ಮೆಸೇಜ್ ಬಿಟ್ಟಿದ್ದಾರೆ," ಅಂತ ಬಟನ್ ಒತ್ತಿದೆ.

"ಮೇಡಂ, ಟೈಲರ್ ಮಂಜುಳಾ ಮಾತಾಡ್ತಿರೋದು. ಆಪರೇಷನ್ ಆಯ್ತು. ಇನ್ನೊಂದು ವಾರ ರಜ ಬೇಕು." ಮುಂದಿನ ಮೆಸೇಜೂ ಆಕೆಯದೇ. "ಸೋಮವಾರ ಬರ್ತೀನಿ ಮೇಡಂ. ನನ್ನ ಮಿಷಿನ್ ಬೇರೆಯವರಿಗೆ ಕೊಡ್ಬೇಡಿ."

ಮೇಡಂ ಕುರ್ಚಿಗೆ ಒರಗಿದರು. "ಹೇಳದೆ ಕೇಳದೆ ಬಿಟ್ಟುಹೋದಳು ಅಂತ ನಾನೇ ಹೆಸರು ಹೊಡೆದುಹಾಕಿದೆ. ಫೋನ್ ಮಾಡಿದ್ದೆ ಅಂತ ಗೇಟಲ್ಲಿ ನಿಂತು ಅತ್ತಳು. ಸುಳ್ಳು ಅಂದ್ಕೊಂಡೆ."

ಲೈಟು ಆರಿತು. 'ದೂರು ಬಗೆಹರಿದಿದೆ' ಅಂತ ಅಚ್ಚಾಗಿದ್ದ ನನ್ನ ಚೀಟಿಗೆ ಮೇಡಂ ಸಹಿ ಹಾಕಿದರು. ಯಾರ ದೂರು ಅಂತ ಬರೆಯೋಕೆ ಅದರಲ್ಲಿ ಜಾಗ ಇಲ್ಲ, ಪುಣ್ಯಕ್ಕೆ.