ಕಟ್ಟೆಯ ಮೇಲೆ ಕುಡಿಸಿದ ಕಾಫಿ

ಹನ್ನೊಂದು ವರ್ಷ ನಾನು ನನ್ನ ಅಕ್ಕನಿಗೆ ಹೋಟೆಲಿನ ಹೊರಗಿನ ಕಟ್ಟೆಯ ಮೇಲೆಯೇ ಕಾಫಿ ಕುಡಿಸಿದೆ. ಒಂದು ದಿನವೂ ಒಳಗೆ ಕರೆದುಕೊಂಡು ಹೋಗಿ ಕೂರಿಸಲಿಲ್ಲ. ಅದಕ್ಕೆ ಹೇಳುತ್ತಿದ್ದ ಕಾರಣ ಬೇರೆ, ಇದ್ದ ಕಾರಣ ಬೇರೆ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಸಣ್ಣ ಗೂಡ್ಸ್ ಗಾಡಿ ಓಡಿಸುತ್ತೇನೆ. ಕೂಡ್ಲಿಗಿಯಿಂದ ಹುಣಸೆಹಣ್ಣು, ಕೊಟ್ಟೂರಿಗೆ ಈರುಳ್ಳಿ, ಹಗರಿಬೊಮ್ಮನಹಳ್ಳಿಗೆ ಮೆಕ್ಕೆಜೋಳ, ಹೀಗೆ ಬಾಡಿಗೆ ಸಿಕ್ಕ ಕಡೆಗೆಲ್ಲ ತಿರುಗುವವನಿಗೆ ಊರು ಅಂದರೆ ಮೊದಲು ನೆನಪಾಗುವುದು ಹೋಟೆಲು. ಹಡಗಲಿಯಲ್ಲಿ ನಾನು ಹೋಗುವ ಕಡೆ ಕಾಫಿಗೆ ಸಕ್ಕರೆ ಸುರಿಯುತ್ತಾರೆ. ಕೂಡ್ಲಿಗಿಯಲ್ಲೊಬ್ಬ ಮಾಲೀಕ, ಕಾಫಿ ಕೇಳಿದರೆ, "ಚಾ ಕುಡೀರಿ, ಅದಾದ್ರ ಚಲೋ ಐತಿ" ಎನ್ನುತ್ತಾನೆ. ಆ ಮಾತಿಗಾಗಿಯೇ ಅಲ್ಲಿ ಕೂರುತ್ತೇನೆ. ಆದರೆ ಮನಸ್ಸಿಗೆ ಹತ್ತಿದ್ದು ಹರಪನಹಳ್ಳಿಯಲ್ಲಿ ನಮ್ಮ ಓಣಿಯ ತುದಿಗಿರುವ ಹೋಟೆಲು. ಕಡಪ ಕಲ್ಲಿನ ನಾಲ್ಕು ಟೇಬಲ್ಲು, ಒಂದು ಫ್ಯಾನು. ಹತ್ತು ಗಂಟೆ ದಾಟಿ ಇಡ್ಲಿಯ ಗದ್ದಲ ಇಳಿದ ಮೇಲೆ ಎರಡನೇ ಸಲ ಡಿಕಾಕ್ಷನ್ ಇಳಿಸುತ್ತಾರೆ. ಆಗ ಹೋದರೆ ಯಾರೂ ಏಳಿಸುವುದಿಲ್ಲ.

ಅಕ್ಕನನ್ನು ಕೊಟ್ಟಿದ್ದು ಚಿಗಟೇರಿಯ ಕಡೆ, ಕುರಿ ಸಾಕುವ ಮನೆಗೆ. ಸಂತೆಗೆ ಬಂದಾಗಲೆಲ್ಲ ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಚೀಲ. ನಮ್ಮ ಕಡೆಯ ವಯಸ್ಸಾದ ಹೆಂಗಸರು ಹೋಟೆಲಿನ ಒಳಗೆ ಹೋಗುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂರುತ್ತಿದ್ದರು, ಗಂಡಸರು ಒಳಗಿನಿಂದ ತಂದುಕೊಡುತ್ತಿದ್ದರು. ನಾನೂ ಹಾಗೇ ತಂದುಕೊಡುತ್ತಿದ್ದೆ.

"ಲೇ ತಮ್ಮಾ, ಒಮ್ಮಿ ಆ ಫ್ಯಾನಿನ ಕೆಳಗ ಕುಂತು ಕುಡೀತೀನಲೇ" ಎಂದಿದ್ದಳು.

"ಅದು ಹೆಣ್ಮಕ್ಕಳು ಕುಂದ್ರೋ ಜಾಗ ಅಲ್ಲಬೇ."

"ಮತ್ತ ಅಕಿ ಯಾರಲೇ, ಮೂಲ್ಯಾಗ ದ್ವಾಸಿ ತಿನ್ನಾಕಿ? ಗಂಡಸೇನು?"

ಮೂಲೆಯಲ್ಲಿ ಶಾಲೆಯ ಟೀಚರೊಬ್ಬರು ಕೂತಿದ್ದರು. ನಾನು ನಕ್ಕು ಮಾತು ಮರೆಸಿದೆ. ನಿಜವೆಂದರೆ ಅವಳ ಕಂಬಳಿಯ ಕುರಿವಾಸನೆ ನನಗೆ ನಾಚಿಕೆ ತರುತ್ತಿತ್ತು. ಸಣ್ಣವನಿದ್ದಾಗ ಅಂಥದೇ ಕಂಬಳಿಯೊಳಗೆ ನನ್ನನ್ನು ಸುತ್ತಿಕೊಂಡು ಬೆಳೆಸಿದವಳು ಅವಳು.

ಎರಡು ವರ್ಷದ ಹಿಂದೆ ಒಂದು ಸಂತೆಯ ದಿನ ಅವಳಿಗೆ ಲೋಟ ಕೊಟ್ಟು ಒಳಗೆ ಬಂದು ಕೂತಿದ್ದೆ. ಎದುರಿಗೆ ನನ್ನ ಗಾಡಿಗೆ ಹೊಸದಾಗಿ ಬಾಡಿಗೆ ಕೊಡಲು ಒಪ್ಪಿದ್ದ ಸಿಮೆಂಟು ಅಂಗಡಿಯ ಸಾಹುಕಾರರು. ಅಕ್ಕ ಬಾಗಿಲಿಗೆ ಬಂದು ನಿಂತಳು.

"ಲೇ, ಬಸ್ಸಿನ ಹೊತ್ತಾತು, ಬಾರಲೇ!"

ಸಾಹುಕಾರರು ತಿರುಗಿ ನೋಡಿದರು. "ಯಾರಪ್ಪಾ ಇವ್ರು?"

"ನಮ್ಮೂರ ಕಡಿಯವ್ರು ರೀ" ಎಂದೆ.

ಅಕ್ಕನಿಗೆ ಕೇಳಿಸಿತು. ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಅವರಿಗೇ ಹೇಳಿದಳು: "ಹೌದ್ರಿ, ಊರ ಕಡಿಯಾಕಿ. ಗಾಡಿ ಕೇಳಾಕ ಬಂದಿದ್ನಿ." ಲೋಟವನ್ನು ಕಟ್ಟೆಯ ಮೇಲಿಟ್ಟು ಒಬ್ಬಳೇ ಬಸ್‌ಸ್ಟ್ಯಾಂಡಿಗೆ ನಡೆದಳು.

ನನ್ನ ಮಾನ ಹೋಗದಂತೆ ಅವಳೇ ನನ್ನ ಸುಳ್ಳಿಗೆ ಸಾಕ್ಷಿ ಹೇಳಿದ್ದಳು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಆಮೇಲೂ ಮನೆಗೆ ಬರುತ್ತಿದ್ದಳು, ನನ್ನ ಮಕ್ಕಳಿಗೆ ರೊಟ್ಟಿ, ಶೇಂಗಾ ಚಟ್ನಿ ತರುತ್ತಿದ್ದಳು. ಆದರೆ ಹೋಟೆಲಿನ ಕಡೆ ಮಾತ್ರ ಬರಲಿಲ್ಲ. ಕಾಫಿ ಅಂದರೆ "ಬ್ಯಾಡ, ಉಷ್ಣ ಆಕ್ಕೈತಿ" ಎನ್ನುವಳು. ನನಗೂ ಆ ಹೋಟೆಲಿನ ಕಾಫಿ ಮೊದಲಿನಂತೆ ಇಳಿಯಲಿಲ್ಲ. ಕೂತಾಗಲೆಲ್ಲ ಕಣ್ಣು ಬಾಗಿಲಿಗೇ ಹೋಗುತ್ತಿತ್ತು.

ಮೊನ್ನೆ ಕಣ್ಣು ತೋರಿಸಲು ಬಂದಿದ್ದಳು. ಆಸ್ಪತ್ರೆಯಿಂದ ವಾಪಸ್ ಬರುವಾಗ ಗಾಡಿಯನ್ನು ಹೋಟೆಲಿನ ಮುಂದೆ ನಿಲ್ಲಿಸಿದೆ.

"ಇಳಿಯಬೇ ಯಕ್ಕಾ."

"ನೀ ಕುಡದು ಬಾ. ನಾ ಗಾಡ್ಯಾಗ ಕುಂದರ್ತೀನಿ."

"ನೀ ಇಳೀದಿದ್ರ ನಾನೂ ಇಳಿಯಾಂಗಿಲ್ಲ."

ಬಹಳ ಹೊತ್ತಿನ ಮೇಲೆ ಇಳಿದಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟಳು.

"ಗುಡಿ ಅಲ್ಲಬೇ ಇದು, ಹಾಕ್ಕೊಂಡ ಬಾ."

"ನನಗೇನು ಗೊತ್ತಲೇ? ನಾ ಯಾವತ್ತು ಒಳಗ ಬಂದೀನಿ?"

ಫ್ಯಾನಿನ ಕೆಳಗೇ ಕೂತೆವು. ಕಾಫಿ ಬಂತು. ಬಟ್ಟಲಿಗೆ ಬಗ್ಗಿಸಿ, ಊದಿ, ಒಂದು ಗುಟುಕು ಕುಡಿದು ಅವಳು ಹೇಳಿದಳು: "ಹೊರಗ ಕುಡಿದ್ರೂ ಇದ ರುಚಿ ಇತ್ತಲ್ಲೋ."

ನನಗೆ ತಲೆ ಎತ್ತಲಾಗಲಿಲ್ಲ. ಟೇಬಲ್ಲಿನ ಕಲ್ಲು ನೋಡುತ್ತಾ ಏನೋ ಗೊಣಗಿದೆ. ಒಳಗೆ ಚಟ್ನಿಯ ಮಿಕ್ಸಿ ತಿರುಗುತ್ತಿತ್ತು.

"ಜೋರು ಹೇಳಲೇ. ಅವತ್ತು ಅವ್ರ ಮುಂದ ಜೋರಾಗೇ ಹೇಳಿದ್ಯಲ್ಲ?"

ಮಿಕ್ಸಿ ನಿಂತಿತು. ಪಕ್ಕದ ಟೇಬಲ್ಲಿನವರು ನಮ್ಮ ಕಡೆ ನೋಡಿದರು. ನೋಡಲಿ ಎಂದುಕೊಂಡೆ.

"ಯಕ್ಕಾ, ನಿನ್ನ ನನ್ನ ಅಕ್ಕ ಅಂತ ಹೇಳಾಕ ನಾಚಿದ್ನಿ. ತಪ್ಪಾತಬೇ. ಹೊಟ್ಟಿಗೆ ಹಾಕ್ಕೋ."