ನೀರುಗಂಟಿಯ ಮಗ

ಮಧ್ಯಾಹ್ನ ಎರಡು ಇಪ್ಪತ್ತಕ್ಕೆ ನಾನು ಬಾಯ್ಲರಿನ ಕುದಿಯುವ ಕೊಳೆನೀರನ್ನು ಗುಂಡಿಗೆ ಬಿಡುವ ಬಟನ್ ಒತ್ತಿದೆ. ಒತ್ತುವ ಮೊದಲು ಒಂದು ಕೂಗು ಕೇಳಬೇಕಿತ್ತು. ಆ ಕೂಗನ್ನು ನಿಲ್ಲಿಸಿದ್ದವಳು ನಾನೇ.

ಮೇಟಗಳ್ಳಿಯ ನಮ್ಮ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದವರು ಸಿದ್ದಯ್ಯನವರು. ಯಾವ ವಾಲ್ವ್ ತಿರುಗಿಸುವ ಮೊದಲೂ ಬಾಯಿಗೆ ಎರಡು ಕೈ ಒಡ್ಡಿ "ಬುಡ್ತಾ ಇವ್ನೀ..." ಎಂದು ಕೂಗುವರು. ಕೆಳಗಿದ್ದವರು ಒಬ್ಬೊಬ್ಬರೂ "ಬುಡಣ್ಣೋ" ಅನ್ನಬೇಕು. ಒಬ್ಬ ಸುಮ್ಮನಿದ್ದರೂ ಅವರ ಕೈ ಮುಂದೆ ಹೋಗದು. "ಏನ್ಲಾ, ಬಾಯಲ್ಲಿ ಎಲೆಅಡಿಕೆ ಐತಾ? ಉಗ್ದು ಕೂಗು."

ಅವರ ಅಪ್ಪ, ತಾತ ಊರ ಕೆರೆಯ ನೀರುಗಂಟಿಗಳು. ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುವವರು. ಕಾಲುವೆಯಲ್ಲಿ ಮಕ್ಕಳೋ ದನವೋ ಇದ್ದೀತೆಂದು ಕೂಗಿ, ಮರುದನಿಗೆ ಕಾದು ಆಮೇಲೆ ಎತ್ತುತ್ತಿದ್ದರಂತೆ. "ಊರಿಗೆಲ್ಲ ನೀರು ನಮ್ಮಪ್ಪನ ಕೈಯಿಂದ್ಲೇ ಹೋಗ್ಬೇಕು ಮೇಡಮ್ಮೋರೆ. ಅದೇ ಊರ ಬಾವಿಗೆ ನಾವು ಬಿಂದಿಗೆ ಇಳಿಸಂಗಿರ್ನಿಲ್ಲ." ಗದ್ದೆಗಳೆಲ್ಲ ಸೈಟುಗಳಾದ ಮೇಲೆ ತೂಬಿಗೆ ಕೆಲಸವಿಲ್ಲದಾಯಿತು. ಸಿದ್ದಯ್ಯ ಕಾರ್ಖಾನೆಗೆ ಬಂದರು. ಮೊದಲ ದಿನ ಕ್ಯಾಂಟೀನಿನಲ್ಲಿ ಒಂದೇ ಪಾತ್ರೆಯಿಂದ ಎಲ್ಲರಿಗೂ ಸಾರು ಬಡಿಸಿದ್ದನ್ನು ಕಂಡು ಎರಡನೇ ಸಲ ಅನ್ನ ಹಾಕಿಸಿಕೊಂಡರಂತೆ. "ಹಸಿವಿರ್ನಿಲ್ಲ. ಸುಮ್ಕೆ, ಇನ್ನೊಂದ್ಸಲ ನೋಡವಾ ಅಂತ."

ಆಮೇಲೆ ವಾಲ್ವ್ ತಿರುಗಿಸಲು ಕಂಪ್ಯೂಟರ್ ಬಂತು, ಅದರ ಜೊತೆ ಎಂಜಿನಿಯರಿಂಗ್ ಓದಿದ ನಾನು. ತಪಾಸಣೆಗೆ ಬಂದವರು ಆ ಕೂಗು ಕೇಳಿ ನಕ್ಕಾಗ ನನಗೆ ನಾಚಿಕೆಯಾಯಿತು. ಇನ್ನು ಸೈರನ್ ಇದೆ, ಯಾರೂ ಕೂಗಬಾರದೆಂದು ಗೋಡೆಗೆ ಚೀಟಿ ಅಂಟಿಸಿದೆ. ಸಿದ್ದಯ್ಯ ನಿಧಾನವಾಗಿ ಓದಿದರು.

"ಸೈರನ್ನು ಕೂಗ್ತದೆ, ಸರಿ. ತಿರುಗಿ ಕೂಗಿದೋರ ದನಿ ಅದುಕ್ಕೆ ಕೇಳಿಸ್ತದಾ?"



ಆ ದಿನ ಗುಂಡಿಯ ಪೈಪು ಸೋರುತ್ತಿತ್ತು. ಅವರು ಬಾಗಿಲಲ್ಲಿ ನಿಂತು "ಕೆಳಕ್ಕೆ ಇಳೀತಾ ಇವ್ನಿ ಮೇಡಮ್ಮೋರೆ" ಎಂದರು. ಪರದೆಯಿಂದ ಕಣ್ಣು ತೆಗೆಯದೆ "ಹ್ಞೂಂ" ಅಂದೆ. ಹತ್ತು ನಿಮಿಷದಲ್ಲಿ ಮರೆತೆ, ಬಟನ್ ಒತ್ತಿದೆ. ಸೈರನ್ ಕೂಗಿತು, ಪಂಪಿನ ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ. ಬೆಳ್ಳಗೆ ಎದ್ದ ಉಗಿಯೊಳಗಿಂದ ಒಂದು ಕೈ ಏಣಿಯ ಮೆಟ್ಟಿಲಿಗಾಗಿ ತಡಕಾಡುತ್ತಿತ್ತು. ಈಗಲೂ ತಡಕಾಡುತ್ತಲೇ ಇರುತ್ತದೆ. ಮನೆಯಲ್ಲಿ ಕುಕ್ಕರ್ ಕೂಗಿದರೆ ಎದ್ದು ಆಚೆಗೆ ಹೋಗುತ್ತೇನೆ.

ಜೀವ ಉಳಿಯಿತು. ಬಲಗಾಲು ಮೊಣಕಾಲಿನವರೆಗೆ ಬೆಂದಿತ್ತು. ಸಿದ್ದಯ್ಯ ಯಾರಿಗೂ ತಿಳಿಸದೆ ಇಳಿದರೆಂದು ಮ್ಯಾನೇಜರ್ ವರದಿ ಬರೆದು ನನ್ನ ಸಹಿಗೆ ಕಳಿಸಿದರು. ಸಹಿ ಬಿದ್ದರೆ ಅವರನ್ನು ತಪ್ಪಿತಸ್ಥರೆಂದು ಕೆಲಸದಿಂದ ತೆಗೆಯುತ್ತಿದ್ದರು. ಕಾಗದ ನಾಲ್ಕು ದಿನ ನನ್ನ ಬ್ಯಾಗಿನಲ್ಲಿತ್ತು, ನಾಲ್ಕು ರಾತ್ರಿಯೂ ನನಗೆ ನಿದ್ದೆ ಹತ್ತಲಿಲ್ಲ. ಐದನೆಯ ದಿನ ಆಸ್ಪತ್ರೆಗೆ ಹೋದೆ.

"ನಮ್ಮಪ್ಪನ ಕಾಲು ನೀರಲ್ಲಿ ನೆನೀತು, ನಂದು ಆವೀಲಿ ಬೇಯ್ತು. ಮುಂದಕ್ಕೆ ಬಂದ್ವಿ ಅಲ್ವಾ?" ಎಂದು ನಕ್ಕರು. ನಗು ನಿಂತ ಮೇಲೆ ಕೇಳಿದರು: "ನಾನು ಹೇಳಿ ಇಳಿದ್ನೋ, ಹೇಳ್ದೆ ಇಳಿದ್ನೋ?"

"ಹೇಳಿ ಇಳಿದ್ರಿ."

"ಅಷ್ಟು ಬರೀರಿ ಸಾಕು. ನಿಮ್ ತಪ್ಪು ಬರೀಬೇಡಿ. ನಿಮ್ದು ಇನ್ನೂ ಚಿಕ್ಕ ವಯಸ್ಸು."

ಅದೇ ಅವರನ್ನು ನಾನು ಕೊನೆಯದಾಗಿ ನೋಡಿದ್ದು. ಕಾಲು ವಾಸಿಯಾದ ಮೇಲೂ ಕೆಲಸಕ್ಕೆ ಮರಳದೆ ನಂಜನಗೂಡಿನ ಮಗಳ ಮನೆ ಸೇರಿಕೊಂಡರು. ಹಾಗೆ ಹೋಗುವಾಗ ಅವರ ಹೆಸರಿಗೆ ಯಾವ ಕಪ್ಪು ಚುಕ್ಕೆಯೂ ಇರಲಿಲ್ಲ.

ಆಸ್ಪತ್ರೆಯಿಂದ ಬಂದವಳೇ ಎರಡನ್ನೂ ಬರೆದಿದ್ದೆ, ಅವರು ಹೇಳಿ ಇಳಿದದ್ದನ್ನು, ನಾನು ಮರೆತದ್ದನ್ನು. ಕೊಟ್ಟದ್ದು ಗುರುವಾರ. ಅಂದೇ ನನ್ನನ್ನು ಬಾಯ್ಲರಿನಿಂದ ತೆಗೆದು ಸಾಮಾನು ಎಣಿಸುವ ಸ್ಟೋರ್ಸಿಗೆ ಹಾಕಿದರು. ಶುಕ್ರವಾರ ಅಮ್ಮ ಭುಜ ಹಿಡಿದು ಅಲುಗಾಡಿಸಿದಾಗ ಹಾಸಿಗೆಯ ಮೇಲೆಲ್ಲ ಬಿಸಿಲು ಬಿದ್ದಿತ್ತು.